ಅಪ್ಪನ ಲೆವೆಲ್ಲಿಗೆ ಅವ್ವ ಕುಂಕುಮ ಹಚ್ಚಿದ್ದು

ನಮ್ಮ ಮನೆಯಲ್ಲಿ ಊಟಕ್ಕೆ ಕೂರುವ ಮುಂಚೆ ನೆಲದ ಮಟ್ಟ ನೋಡುವ ಪದ್ಧತಿ ಇತ್ತು. ಬೇರೆಯವರ ಮನೆಯಲ್ಲಿ ಅನ್ನಕ್ಕೆ ಕೈ ಮುಗಿಯುತ್ತಾರೆ. ನಾವು ತುಂಬಿದ ಲೋಟ ನೆಲಕ್ಕಿಟ್ಟು ನೀರು ಯಾವ ಕಡೆ ವಾಲಿದೆ ಎಂದು ನೋಡುತ್ತಿದ್ದೆವು. ಅಪ್ಪ ಸರ್ವೇಯರ್. ಅಬುಧಾಬಿಯಿಂದ ದುಬೈಗೆ ಹೋಗುವ ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಂಪನಿಯೊಂದರಲ್ಲಿ ರಸ್ತೆಯ ಏರಿಳಿತ ಅಳೆಯುವುದು ಅವರ ಕೆಲಸ. ಬೆಳಗಿನಿಂದ ಸಂಜೆವರೆಗೆ ಬಿಸಿಲಿನಲ್ಲಿ ನಿಂತು ಮಿಲಿಮೀಟರಿನ ಲೆಕ್ಕದಲ್ಲಿ ನೆಲ ನೋಡಿ ಬಂದವರಿಗೆ ಮನೆಯ ನೆಲವೂ ಸೈಟಿನ ನೆಲದಂತೆಯೇ ಕಾಣುತ್ತಿತ್ತೋ ಏನೋ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ನಮ್ಮ ರೂಮು ಬಾಲ್ಕನಿಯ ಕಡೆಗೆ ಸ್ವಲ್ಪ ಇಳಿಜಾರಾಗಿತ್ತು. ಕಟ್ಟಿದವನ ತಪ್ಪು ಅದು. ಆದರೆ ಸಾರು ತಾಟಿನ ಒಂದೇ ಅಂಚಿಗೆ ಹರಿದರೆ ಅದು ಅವ್ವನ ತಪ್ಪಾಗುತ್ತಿತ್ತು.

“ಈ ಮೂಲಿ ತಗ್ಗ ಐತಿ ಅಂತ ಇನ್ನಾ ಗೊತ್ತಾಗವಲ್ದೇನ ನಿನಗ? ಜಾಗಾ ನೋಡಿ ಇಡಬೇಕಿಲ್ಲ ತಾಟು?”

ಅವ್ವ ತಾಟನ್ನು ನಾಲ್ಕು ಬೆರಳು ಈಚೆ ಸರಿಸುತ್ತಿದ್ದಳು. ಸಾರು ಮತ್ತೆ ಅದೇ ಕಡೆಗೆ ಹರಿಯುತ್ತಿತ್ತು. ಇನ್ನೂ ನಾಲ್ಕು ಬೆರಳು ಸರಿಸುತ್ತಿದ್ದಳು. ನಾನು ತುತ್ತು ಬಾಯಲ್ಲಿಟ್ಟುಕೊಂಡು ಇಬ್ಬರನ್ನೂ ನೋಡುತ್ತ ಕೂತಿರುತ್ತಿದ್ದೆ, ಮತ್ತು ನಾಚಿಕೆಯಿಂದ ಹೇಳುತ್ತೇನೆ, ನನಗೆ ಆಗ ಅಪ್ಪನೇ ಸರಿ ಅನ್ನಿಸುತ್ತಿತ್ತು. ಇಷ್ಟು ದಿನವಾದರೂ ಅವ್ವನಿಗೆ ಯಾಕೆ ತಿಳಿಯುವುದಿಲ್ಲ ಎಂದು ನಾನೂ ಒಳಗೊಳಗೇ ಸಿಡುಕುತ್ತಿದ್ದೆ.

ಕಂಪನಿ ಕೊಟ್ಟ ಫ್ಲ್ಯಾಟದು. ಎರಡು ಬೆಡ್‌ರೂಮು, ಎರಡು ಸಂಸಾರ. ಹಾಲ್ ಇಬ್ಬರದೂ, ಹಾಗಾಗಿ ಅದನ್ನು ಗುಡಿಸುವವರು ಯಾರು ಎಂಬುದು ದಿನದ ಮೊದಲ ಜಗಳ. ಇನ್ನೊಂದು ರೂಮಿನಲ್ಲಿ ಉಡುಪಿ ಕಡೆಯ ಶೈಲಕ್ಕ ಇದ್ದರು. ಅವರ ಗಂಡ ಅದೇ ಕಂಪನಿಯಲ್ಲಿ ಸ್ಟೋರ್‌ಕೀಪರ್. ಅಡುಗೆಮನೆಯಲ್ಲಿ ಎಡಗಡೆಯ ಎರಡು ಒಲೆ ನಮ್ಮವು, ಬಲಗಡೆಯವು ಅವರವು. ನಡುವೆ ಸಿಂಕು. ಅವ್ವ ಜೋಳದ ರೊಟ್ಟಿ ಬಡಿಯಲು ಕೂತರೆ ಕೆಳಗಿನ ಮನೆಯವರು ಕಟ್ಟಡದ ಕಾವಲಿನವನನ್ನು ಮೇಲೆ ಕಳಿಸುತ್ತಿದ್ದರು. ಕೊನೆಗೆ ಅವ್ವ ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಕೆಳಗೆ ಹಳೇ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡು ಮೆಲ್ಲಗೆ, ಕಳ್ಳತನ ಮಾಡುವವಳ ಹಾಗೆ ರೊಟ್ಟಿ ತಟ್ಟುವುದನ್ನು ಕಲಿತಳು.

“ಎಂತ ಮಾರಾಯ್ತಿ, ನೀವು ರೊಟ್ಟಿ ಬಡಿಯುವ ಸದ್ದಿಗೆ ನನ್ನ ತಲೆನೋವು ಬರುದಾ ಹೋಗುದಾ ಅಂತಲೇ ಗೊತ್ತಾಗುದಿಲ್ಲ,” ಎನ್ನುತ್ತಿದ್ದರು ಶೈಲಕ್ಕ.

“ನಿಮ್ಮ ಒಣಮೀನಿನ ವಾಸನಿಗೆ ನನ್ನ ಜೀವಾ ಹೋಗೂದೊಂದ ಬಾಕಿ ಐತ್ರಿ,” ಎನ್ನುತ್ತಿದ್ದಳು ಸೆರಗು ಮೂಗಿಗೆ ಹಿಡಿದುಕೊಂಡ ಅವ್ವ.

ಮಧ್ಯಾಹ್ನ ಹೀಗೆ ಕಿತ್ತಾಡಿದವರು ಸಂಜೆ ಹಾಲಿನಲ್ಲಿ ಒಬ್ಬರ ತಲೆಯನ್ನು ಒಬ್ಬರು ಬಾಚುತ್ತಿದ್ದರು. ಆ ಅರ್ಧ ಅಡುಗೆಮನೆ ಅವ್ವನ ಪಾಲಿಗೆ ಸಣ್ಣದಾಗಿರಲಿಲ್ಲ. ಮದುವೆಯಾದ ಮೇಲೆ ವೀಸಾ ಬರುವವರೆಗೆ ನಾಲ್ಕು ವರ್ಷ ಅವಳು ಹುಬ್ಬಳ್ಳಿಯಲ್ಲಿ ತನ್ನ ಅಣ್ಣನ ಮನೆಯಲ್ಲಿದ್ದಳು. ನಾನು ಹುಟ್ಟಿದ್ದೂ ಅಲ್ಲೇ. ಅತ್ತಿಗೆ ಅಳೆದು ಕೊಟ್ಟ ಎಣ್ಣೆಯಲ್ಲಿ ಒಗ್ಗರಣೆ ಹಾಕಿ, ಅತ್ತಿಗೆ ಊಟ ಮಾಡಿದ ಮೇಲೆ ಊಟ ಮಾಡಿದವಳು. ಇಲ್ಲಿಗೆ ಬಂದ ಮೇಲೆ ಅವಳು ಸಾಸಿವೆ ಡಬ್ಬಿಯಿಂದ ಹಿಡಿದು ಅರಿಷಿಣದ ಡಬ್ಬಿಯವರೆಗೆ ದಿನಕ್ಕೊಮ್ಮೆ ಒರೆಸಿ ಇಡುತ್ತಿದ್ದಳು. ಅವಳಿಗೆ ಒಂದೇ ಹೆದರಿಕೆ. ಆ ಊರಿನಲ್ಲಿ ಕೆಲಸ ಹೋದವರನ್ನು, ದರ್ಜೆ ಇಳಿದವರನ್ನು ‘ಕ್ಯಾನ್ಸಲ್’ ಮಾಡುತ್ತಿದ್ದರು. ಅಂದರೆ ಹೆಂಡತಿ ಮಕ್ಕಳ ವೀಸಾ ರದ್ದಾಗಿ ಅವರು ಊರಿಗೆ ಹೊರಡಬೇಕು. ಕಟ್ಟಡದಲ್ಲಿ ಯಾರಾದರೂ ಕ್ಯಾನ್ಸಲ್ ಆದರು ಎಂದು ಕೇಳಿದ ದಿನ ಅವ್ವ ಉಣ್ಣುತ್ತಿರಲಿಲ್ಲ.

ಅಪ್ಪನಿಗೆ ಮನೆ ಎಂದರೆ ರಸ್ತೆಯಿಂದ ಬಂದು ಮಲಗುವ ಜಾಗ. ಊಟದ ಹೊತ್ತಿಗೆ ಅವರ ಬಾಯಲ್ಲಿ ರಸ್ತೆ ಬಿಟ್ಟು ಬೇರೆ ಮಾತಿಲ್ಲ. ಮಗ್ಗಿ ಬರುವ ಮೊದಲೇ ನನಗೆ ಆ ಹೆದ್ದಾರಿಯ ಚರಿತ್ರೆ ಬಾಯಿಪಾಠವಾಗಿತ್ತು. ಮೊದಲು ಉಪ್ಪುನೆಲದ ಮೇಲೆ ಬರೀ ಟೈರಿನ ಗೆರೆಗಳಿದ್ದವಂತೆ; ಮಳೆ ಬಂದರೆ ಗಾಡಿ ಹೂತು ಜನ ಅಲ್ಲೇ ಕಾಯುತ್ತಿದ್ದರಂತೆ. ಆಮೇಲೆ ಒಂದೇ ಒಂದು ಡಾಂಬರಿನ ಪಟ್ಟಿ. ಆಮೇಲೆ ನಡುವೆ ಡಿವೈಡರ್, ಎರಡು ಲೇನು, ಮೂರು, ನಾಲ್ಕು. ಒಂಟೆಗಳು ಅಡ್ಡ ಬರದಂತೆ ಎರಡೂ ಕಡೆ ತಂತಿಬೇಲಿ. ಸರ್ಕಲ್ಲುಗಳನ್ನು ಕಿತ್ತುಹಾಕಿ ಮೇಲ್ಸೇತುವೆ. ಮಕ್ತಾ ಸೇತುವೆ, ಶಹಾಮಾ, ಘಂತೂತ್, ಜೆಬೆಲ್ ಅಲಿ ಎಂದು ಬೇರೆಯವರು ಹೇಳುವ ಊರುಗಳಿಗೆ ಅಪ್ಪನ ಬಾಯಲ್ಲಿ ಹೆಸರಿರಲಿಲ್ಲ, ನಂಬರಿತ್ತು. ರಸ್ತೆ ಶುರುವಾದಲ್ಲಿಂದ ಎಷ್ಟನೇ ಕಿಲೋಮೀಟರೋ ಅದೇ ಅವರಿಗೆ ಊರು. ಶುಕ್ರವಾರ ಶೈಲಕ್ಕನ ಮನೆಯವರು ಕಾರ್ನಿಶ್‌ಗೆ ಹೋಗಿ ಸಮುದ್ರ ನೋಡುತ್ತಿದ್ದರು. ನಮ್ಮನ್ನು ಅಪ್ಪ ಕಂಪನಿಯ ಪಿಕಪ್ಪಿನಲ್ಲಿ ಕೂರಿಸಿಕೊಂಡು ಅದೇ ರಸ್ತೆ ತೋರಿಸಲು ಕರೆದೊಯ್ಯುತ್ತಿದ್ದರು. ಜಲ್ಲಿಯ ಗುಡ್ಡೆಯ ನೆರಳಿನಲ್ಲಿ ಕೂತು ನಾವು ಬುತ್ತಿ ಉಣ್ಣುತ್ತಿದ್ದೆವು. ಅವ್ವ ಗಾಳಿಗೆ ಹಾರುವ ಸೆರಗನ್ನು ಮೊಣಕಾಲಿನಡಿ ಸಿಕ್ಕಿಸಿಕೊಂಡು, ಚಟ್ನಿಪುಡಿಗೆ ಮರಳು ಬೀಳದಂತೆ ಕೈ ಅಡ್ಡ ಹಿಡಿದು ಕೂತಿರುತ್ತಿದ್ದಳು.

ಆದರೆ ನಾನು ಆ ಶುಕ್ರವಾರಗಳಿಗೆ ಕಾಯುತ್ತಿದ್ದೆ. ಅಪ್ಪ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಲೆವೆಲ್ ಯಂತ್ರ ಕೂರಿಸಿ, ನನ್ನನ್ನು ಡಬ್ಬದ ಮೇಲೆ ಹತ್ತಿಸಿ, ಅದರೊಳಗೆ ನೋಡಲು ಬಿಡುತ್ತಿದ್ದರು. ದೂರದಲ್ಲಿ ನಿಲ್ಲಿಸಿದ ಅಳತೆಕೋಲಿನ ಮೇಲಿನ ಅಂಕಿಗಳು ಕಣ್ಣ ಹತ್ತಿರವೇ ಬಂದು ನಿಲ್ಲುತ್ತಿದ್ದವು, ಅವುಗಳ ಮೇಲೆ ಅಡ್ಡಲಾಗಿ ಒಂದು ತೆಳ್ಳನೆಯ ಗೆರೆ. ನಾನು ಬೀಳದಿರಲೆಂದು ಅಪ್ಪ ನನ್ನ ಹೆಗಲು ಹಿಡಿದಿರುತ್ತಿದ್ದರು. ವಾರದಲ್ಲಿ ಅವರು ನನ್ನನ್ನು ಮುಟ್ಟುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ.

“ಆ ಕೂದಲೆಳಿ ಕಾಣ್ತೈತಿಲ್ಲ? ಇಡೀ ರಸ್ತಾ ಅದರ ಮ್ಯಾಲೆ ನಿಂತೈತಿ. ಅದು ಸರದ್ರ ಖಲಾಸ್. ಅದಕ್ಕ ಪ್ರತಿ ಶನಿವಾರ ವಾರದ ಕೆಲಸಾ ಸುರು ಮಾಡೂಕಿಂತ ಮೊದ್ಲ ಎರಡು ಗೂಟಾ ಬಡದು, ಎಳಿ ಸರಿ ಐತೋ ಇಲ್ಲೋ ನೋಡಬೇಕು. ಗೂಟಾ ನೋಡಲಾರದಾಂವ ಸರ್ವೇಯರ ಅಲ್ಲ.”

ಮಹಾನವಮಿಗೆ ಅಪ್ಪ ಆ ಯಂತ್ರವನ್ನು ಮನೆಗೆ ತರುತ್ತಿದ್ದರು. ಸೈಟಿನಲ್ಲಿ ಹತ್ತು ದೇಶದ ಜನ, ಅಲ್ಲಿ ಆಯುಧಪೂಜೆ ಮಾಡಲಾಗದು. ಆ ವರ್ಷ ಹಬ್ಬ ಗುರುವಾರ ಬಂದಿತ್ತು. ಅರ್ಧ ದಿನದ ಕೆಲಸ ಮುಗಿಸಿ ಪೆಟ್ಟಿಗೆ ಹೊತ್ತು ತಂದರು. ಅವ್ವ ಹಾಲಿನಲ್ಲಿ ಚಾಪೆ ಹಾಸಿ ಅದರ ಮೇಲೆ ಲೆವೆಲ್ಲು, ಅದರ ಪಕ್ಕ ತನ್ನ ಈಳಿಗೆ, ಹಂಚು, ಶೈಲಕ್ಕನ ಮಿಕ್ಸರ್, ನನ್ನ ಕಂಪಾಸ್ ಬಾಕ್ಸು ಎಲ್ಲ ಸಾಲಾಗಿ ಇಟ್ಟಳು. ಲೆನ್ಸಿಗೆ ಕುಂಕುಮ ಹತ್ತೀತು ಎಂದು ಅಪ್ಪ ಪಕ್ಕದಲ್ಲೇ ಕಾವಲು ನಿಂತಿದ್ದರು. ಅವ್ವ ಅಷ್ಟೇ ಹುಷಾರಾಗಿ ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಬೊಟ್ಟು, ಸ್ಟ್ಯಾಂಡಿನ ಮೂರು ಕಾಲಿಗೆ ಮೂರು ಬೊಟ್ಟು ಇಟ್ಟಳು. ಉಳಿದ ಸಾಮಾನಿಗೆ ಹಚ್ಚುವ ಕೆಲಸ ನನ್ನದು. ನನ್ನ ಹತ್ತೂ ಬೆರಳು ಕೆಂಪಾಗಿದ್ದವು. ಹೋಳಿಗೆ ಊಟವಾಯಿತು. ಆ ದಿನ ಮಾತ್ರ ಸಾರು ಯಾವ ಕಡೆಗೆ ಹರಿಯಿತೆಂದು ಅಪ್ಪ ನೋಡಲಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಲೆವೆಲ್ಲನ್ನು ಪೆಟ್ಟಿಗೆಯಿಂದ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ನೋಡಿದೆ. ಎದುರು ಕಟ್ಟಡದ ಬಾಲ್ಕನಿಯ ಸರಳು ಕಂಡಿತು. ಕೂದಲೆಳೆ ಆ ಸರಳಿನ ಮೇಲೆ ಕೂತಿರಲಿಲ್ಲ, ಸ್ವಲ್ಪ ಕೆಳಗಿತ್ತು. ಎಳೆ ಸರಿದಿದೆ, ಅಪ್ಪನ ರಸ್ತೆ ಕೆಡುತ್ತದೆ ಎಂದು ಹೆದರಿದೆ. ಕಣ್ಣಿಡುವ ಜಾಗದ ಹತ್ತಿರ ಒಂದು ಪುಟ್ಟ ಮುಚ್ಚಳ, ಅದರ ಕೆಳಗೆ ಒಂದು ಸ್ಕ್ರೂ. ಅದನ್ನು ತಿರುಗಿಸುವ ಕಡ್ಡಿ ಪೆಟ್ಟಿಗೆಯಲ್ಲೇ ಇರುತ್ತದೆಂದು ನನಗೆ ಗೊತ್ತಿತ್ತು. ಬೊಟ್ಟಿನ ಬಣ್ಣ ಇನ್ನೂ ಉಳಿದಿದ್ದ ಬೆರಳಿನಲ್ಲೇ ಮುಚ್ಚಳ ತೆಗೆದು, ಎಳೆ ಸರಳಿನ ಮೇಲೆ ಬರುವವರೆಗೆ ತಿರುಗಿಸಿದೆ. ಎದುರು ಮನೆಯ ಸರಳು ಎಷ್ಟು ಎತ್ತರದಲ್ಲಿರಬೇಕೆಂದು ನನಗೆ ಹೇಳಿದವರು ಯಾರು? ಯಾರೂ ಇಲ್ಲ. ಅಪ್ಪನಿಗೆ ದೊಡ್ಡ ಉಪಕಾರ ಮಾಡಿದೆ ಎಂಬ ಸಂತೋಷದಲ್ಲಿ ಎಲ್ಲವನ್ನೂ ಇದ್ದ ಹಾಗೆ ಇಟ್ಟು ಅವ್ವನ ಪಕ್ಕ ಮಲಗಿದೆ.

ಚಳಿಗಾಲದಲ್ಲಿ ಎರಡು ದಿನ ಜೋರು ಮಳೆಯಾಯಿತು. ಆಗ ತಾನೇ ತೆರೆದಿದ್ದ ಮೇಲ್ಸೇತುವೆಯಿಂದ ಇಳಿಯುವ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಕಾರುಗಳು ಅದರಲ್ಲಿ ಸಿಕ್ಕಿಕೊಂಡವು. ಆ ತುಂಡಿನ ಮಟ್ಟ ಅಳೆದವರು ಅಪ್ಪ. ಮೂರನೇ ದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ಅವರು ಮನೆಯಲ್ಲಿದ್ದರು, ಬೂಟು ಬಿಚ್ಚಿರಲಿಲ್ಲ. ಲೆವೆಲ್ಲಿನ ಪೆಟ್ಟಿಗೆ ಊಟದ ಜಾಗದಲ್ಲಿ ತೆರೆದಿತ್ತು. ಆ ಪುಟ್ಟ ಮುಚ್ಚಳವನ್ನು ಅಪ್ಪ ಅಂಗೈ ಮೇಲೆ ಮಗುಚಿ ಅವ್ವನ ಮುಖದ ಹತ್ತಿರ ಹಿಡಿದಿದ್ದರು.

“ಇದೇನು?”

“ಕುಂಕುಮರಿ.”

“ಇದರಾಗ ಹ್ಯಾಂಗ ಹೋತು?”

“ನಾ ಪೆಟಿಗಿಗಷ್ಟ ಹಚ್ಚೀನ್ರಿ. ನೀವು ಅಲ್ಲೇ ನಿಂತಿದ್ರೆಲ್ಲ.”

“ಹಂಗಾರ ಯಾರ ಒಳಗ ಕೈ ಹಾಕಿದ್ರು? ದೇವರು ಬಂದು ಹಾಕಿದ್ನೇನು? ನಿನ್ನ ಪೂಜಿಯಿಂದ ನನ್ನ ಹೆಸರು ಹಾಳಾತು. ಆಫೀಸಿನಾಗ ಎಲ್ಲಾರ ಮುಂದ ಮಾರಿ ತಗ್ಗಿಸಿ ನಿಂತ ಬಂದೀನಿ ನಾ!”

ನಾನು ಫ್ರಿಜ್ಜಿನ ಪಕ್ಕ ಬ್ಯಾಗು ಹೆಗಲಿನಿಂದ ಇಳಿಸದೇ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ಶೈಲಕ್ಕ ಅಡುಗೆಮನೆಯಿಂದ ಹೊರಗೆ ಬಂದರು.

“ಒಂದು ಚಿಟಿಕೆ ಕುಂಕುಮಕ್ಕೆ ರಸ್ತೆ ತಗ್ಗಾಗ್ತದಾ ಅಣ್ಣ? ನೀವು ಎಂತದ್ದು ಮಾತಾಡುದು!”

ಅಪ್ಪ ಅವರ ಕಡೆ ತಿರುಗಿಯೂ ನೋಡಲಿಲ್ಲ. ಅವ್ವ ಮುಚ್ಚಳವನ್ನು ನೋಡಿದಳು, ತನ್ನ ಬೆರಳುಗಳನ್ನು ನೋಡಿಕೊಂಡಳು. ಕೊನೆಗೆ ಹೇಳಿದಳು:

“ಉದುರಿ ಬಿದ್ದಿರಬೇಕ್ರಿ. ನನ್ನ ಕೈಲೆನ ಆಗಿರಬೇಕು.”

ನನಗೆ ಆಗ ಆದದ್ದು ದುಃಖವಲ್ಲ, ಸಮಾಧಾನ. ನನ್ನ ಹೆಸರು ಬರಲಿಲ್ಲವಲ್ಲ ಎಂಬ ಸಮಾಧಾನ. ಅದನ್ನು ಎಷ್ಟು ಸಲ ನೆನೆಸಿಕೊಂಡರೂ ಬೇರೆ ಹೆಸರಿಟ್ಟು ಕರೆಯಲು ನನ್ನಿಂದ ಆಗಿಲ್ಲ.

ವಿಚಾರಣೆ ಮುಗಿಯುವವರೆಗೆ ಅಪ್ಪನನ್ನು ಪಶ್ಚಿಮದ ಮರಳುಗಾಡಿನ ಕ್ಯಾಂಪಿಗೆ ಹಾಕಿದರು. ಕ್ಯಾಂಪಿನಲ್ಲಿ ಸಂಸಾರಕ್ಕೆ ಜಾಗವಿಲ್ಲ. ಕಂಪನಿ ಫ್ಲ್ಯಾಟು ವಾಪಸು ಕೇಳಿತು. ನಾವು ಕ್ಯಾನ್ಸಲ್ ಆದೆವು. ಅವ್ವ ಒಂದು ಮಾತೂ ಎದುರಾಡಲಿಲ್ಲ, ಏಕೆಂದರೆ ತಪ್ಪು ತನ್ನದೆಂದು ನಂಬಿದ್ದಳು. ಹುಬ್ಬಳ್ಳಿಯಲ್ಲಿ ಮತ್ತೆ ಮಾವನ ಮನೆ, ಮತ್ತೆ ಅತ್ತೆ ಅಳೆದು ಕೊಡುವ ಎಣ್ಣೆ. ಮನೆಗೆ ಬಂದವರಿಗೆಲ್ಲ ಅತ್ತೆ ಚಹಾದ ಜೊತೆಗೆ ಆ ಕತೆ ಹೇಳುತ್ತಿದ್ದಳು: ಗಂಡನ ಮಶೀನಿಗೆ ಕುಂಕುಮ ಹಚ್ಚಿ ದುಬೈ ರಸ್ತೆಯನ್ನೇ ಮುಳುಗಿಸಿದ ನಾದಿನಿಯ ಕತೆ. ಬಂದವರು ನಗುತ್ತಿದ್ದರು, ಅವ್ವನೂ ನಗುತ್ತಿದ್ದಳು. ಅಪ್ಪ ಕೆಲಸ ಬಿಟ್ಟು ಬರುವವರೆಗೆ ಹನ್ನೊಂದು ವರ್ಷ ಹೀಗೇ. ಅಪ್ಪ ಎರಡು ವರ್ಷಕ್ಕೊಮ್ಮೆ ರಜೆಗೆ ಬಂದು ಹೋಗುತ್ತಿದ್ದರು. ಅವ್ವ ಮತ್ತೆ ಆಯುಧಪೂಜೆ ಮಾಡಲಿಲ್ಲ. ನನ್ನ ಪುಸ್ತಕ ಎತ್ತಿಡಬೇಕಾದರೂ ಸೀರೆಗೆ ಕೈ ಒರೆಸಿಕೊಂಡು ‘ಮುಟ್ಲೇನು?’ ಎಂದು ಕೇಳುತ್ತಿದ್ದಳು. ಮುಟ್ಟವ್ವಾ ಎನ್ನುವುದರ ಬದಲು ನಾನು ಸಿಟ್ಟು ಮಾಡುತ್ತಿದ್ದೆ.

ಸಿವಿಲ್ ಇಂಜಿನಿಯರಿಂಗಿಗೆ ಸೇರಿದ ಮೇಲೆ ಒಂದು ಬೆಳಿಗ್ಗೆ ಕಾಲೇಜಿನ ಮೈದಾನದಲ್ಲಿ ಎರಡು ಗೂಟ ಬಡಿಸಿ ಅಪ್ಪ ಹೇಳುತ್ತಿದ್ದ ಆ ಪರೀಕ್ಷೆ ಮಾಡಿಸಿದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಎಳೆ ಎಷ್ಟು ಸರಿದಿದ್ದರೂ ಅದರಲ್ಲಿ ತಿಳಿಯುತ್ತದೆ, ಅಲ್ಲೇ ಸರಿಮಾಡಬಹುದು. ಹಾಗಾದರೆ ಹಬ್ಬ ಮುಗಿದ ಆ ಶನಿವಾರ ಅಪ್ಪ ಗೂಟ ನೋಡಿಲ್ಲ, ಸೋಮಾರಿತನ ಮಾಡಿ ತಪ್ಪನ್ನು ಅವ್ವನ ತಲೆಗೆ ಕಟ್ಟಿದ್ದಾರೆ ಎಂದುಕೊಂಡೆ. ಅದನ್ನು ಅವ್ವನಿಗೆ ಹೇಳಲೆಂದೇ ಮನೆಗೆ ಓಡಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಅಪ್ಪನ ತಪ್ಪು ಹೇಳಿದರೆ ಎಳೆ ಸರಿಸಿದ್ದು ಯಾರೆಂಬುದನ್ನೂ ಹೇಳಬೇಕಾಗುತ್ತದೆ ಎಂದು ಬಾಗಿಲಲ್ಲೇ ಹೊಳೆಯಿತು. ಹಸಿವಾಗಿದೆ ಎಂದು ಹೇಳಿ ಒಳಗೆ ಹೋದೆ.

ಈಗ ನಾನು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿದ್ದೇನೆ. ರಸ್ತೆಗಳ ಮಳೆನೀರು ಹರಿದುಹೋಗುವ ದಾರಿ ವಿನ್ಯಾಸ ಮಾಡುವ ಕೆಲಸ. ಇದೇ ಕೆಲಸ ಯಾಕೆ ಹಿಡಿದೆ ಎಂದು ಕೇಳಿದವರಿಗೆ ಏನೇನೋ ಹೇಳುತ್ತೇನೆ. ಕಳೆದ ಚಳಿಗಾಲದಲ್ಲಿ ಅಪ್ಪ ಅವ್ವ ವಿಸಿಟ್ ವೀಸಾದಲ್ಲಿ ಬಂದಿದ್ದರು. ಅಪ್ಪ ಕೆಲಸ ಬಿಟ್ಟು ಬಹಳ ವರ್ಷವಾಯಿತು. ಇಬ್ಬರೂ ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಫ್ಲ್ಯಾಟು ಮಾಡಿಕೊಂಡಿದ್ದಾರೆ. ದುಬೈನ ಅಲ್ ಬರ್ಷಾದಲ್ಲಿ ಮಗನ ಜೊತೆಗಿರುವ ಶೈಲಕ್ಕ ಊಟಕ್ಕೆ ಕರೆದಿದ್ದರು. ಊಟ ಮುಗಿಸಿ ಮಧ್ಯಾಹ್ನ ವಾಪಸು ಹೊರಟೆವು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಅಪ್ಪ, ಹಿಂದೆ ಅವ್ವ. ಜೆಬೆಲ್ ಅಲಿ ದಾಟಿದ ಮೇಲೆ ಅಪ್ಪ ಎಂದಿನಂತೆ ಎಡಬಲ ತೋರಿಸುತ್ತ ರಸ್ತೆಯ ಕತೆ ಶುರು ಮಾಡಿದರು.

“ಇದ ನೋಡು, ಅವತ್ತ ನೀರ ನಿಂತಿದ್ದು. ಈಗ ಪೂರಾ ಕಿತ್ತು ಬ್ಯಾರೆ ಮಾಡ್ಯಾರ.”

ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿಬಿಟ್ಟೆ. “ಆ ಶನಿವಾರ ನೀವು ಗೂಟಾ ನೋಡಿರಲಿಲ್ಲ ಅಲ್ಲಪ್ಪಾ?”

“ನೋಡಲಾರದ ಬಿಡ್ತೀನೇನು? ಎಳಿ ಸರದಿತ್ತು, ಮುಚ್ಚಳದಾಗಿನ ಕುಂಕುಮಾನೂ ಕಂಡಿತ್ತು. ಅಲ್ಲೇ ಸರಿ ಮಾಡಿ ಕೆಲಸಾ ಸುರು ಮಾಡಿದ್ದೆ. ಅದಕ್ಕೂ ಆ ನೀರಿಗೂ ಏನ ಸಂಬಂಧ? ಡ್ರಾಯಿಂಗನ ತಪ್ಪಿತ್ತು. ಒಂದ ತಿಂಗಳಿಗೆ ಪತ್ರಾನೂ ಕೊಟ್ರು, ನಂದೇನೂ ತಪ್ಪಿಲ್ಲ ಅಂತ.”

“ಮತ್ತ ಅವ್ವಗ್ಯಾಕ ಅಂದ್ರಿ?”

“ಅವತ್ತ ಸಿಟ್ಟ ಬಂದಿತ್ತು.”

“ಪತ್ರ ಬಂದ ಮ್ಯಾಲೆ ನಮ್ಮನ್ಯಾಕ ಕರಸಲಿಲ್ಲ?”

ಅಪ್ಪ ಸ್ವಲ್ಪ ಯೋಚನೆ ಮಾಡಿದರು. ಸುಳ್ಳು ಹುಡುಕುತ್ತಿರಲಿಲ್ಲ, ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದರು.

“ಫ್ಯಾಮಿಲಿ ಫ್ಲ್ಯಾಟ್ ಕೊಡ್ತೀವಿ ಅಂದಿದ್ರು. ಅಷ್ಟೊತ್ತಿಗೆ ಕ್ಯಾಂಪಿನ ಊಟ ರೂಢಿ ಆಗಿತ್ತು. ಮತ್ತ ಆ ಗದ್ದಲ ಯಾಕ ಅಂತ ಬಿಟ್ಟೆ.”

ಹಿಂದಿನಿಂದ ಅವ್ವನ ದನಿ ಬಂತು. “ರೇಣು, ಗಾಡಿ ನಿಲ್ಲಸು.”

“ಇಲ್ಲಿ ನಿಲ್ಲಸಾಂಗಿಲ್ಲ,” ಎಂದರು ಅಪ್ಪ. “ಬಾಜೂಕಿನ ಜಾಗಾ ಗಾಡಿ ಕೆಟ್ರಷ್ಟ.”

ಮುಂದೆ ಸಿಕ್ಕ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದೆ. ಅಲ್ಲಿ ಅವ್ವ ಇಳಿದು ಟೈರಿಗೆ ಗಾಳಿ ತುಂಬುವ ಜಾಗದ ಹತ್ತಿರ ಹೋಗಿ ನಿಂತಳು. ನಾನು ಹಿಂದೆಯೇ ಹೋದೆ. ಅಪ್ಪನ ಮೇಲಿನ ಸಿಟ್ಟಿನಲ್ಲಿ ನನಗೆ ಧೈರ್ಯ ಬಂದಿತ್ತು. ಈಗ ಹೇಳಿದರೆ ಅವ್ವನ ಮನಸ್ಸು ಹಗುರಾಗುತ್ತದೆ, ಅವಳು ನನ್ನನ್ನು ಹಿಡಿದುಕೊಂಡು ಅತ್ತುಬಿಡುತ್ತಾಳೆ ಎಂದೇ ಅಂದುಕೊಂಡಿದ್ದೆ.

“ಅವ್ವಾ, ಆ ಮುಚ್ಚಳಾ ತಗದು ಸ್ಕ್ರೂ ತಿರುವಿದಾಕಿ ನಾನು. ಆ ಕುಂಕುಮ ನನ್ನ ಕೈದು.”

ಅವಳು ನನ್ನ ಕಡೆ ತಿರುಗಿದಳು.

“ಅವತ್ತ ಅವರು ಬೈಯಾಕತ್ತಿದ್ದಾಗ ನೀ ಅಲ್ಲೇ ನಿಂತಿದ್ದಿ.”

“ಹೂಂ.”

“ನಿಮ್ಮತ್ತಿ ಬಂದವರಿಗೆಲ್ಲಾ ಹೇಳಿ ನಗತಿದ್ಲು. ನೀ ಅಲ್ಲೇ ಕುಂತು ಓದಕೋತಿದ್ದಿ.”

“ಹೂಂ ಅವ್ವಾ.”

“ನನಗ ಟಿಕೀಟ್ ತಗಸು. ನನಗೊಬ್ಬಾಕಿಗಷ್ಟ. ಅವರು ನಿನ್ನ ಕಡೇನ ಇರ್ಲಿ. ನೀವಿಬ್ಬರೂ ಒಂದ ಥರದವರು ಅದೀರಿ.”

ನಾನು ಕೈ ಹಿಡಿಯಲು ಹೋದೆ. ಅವಳು ಕೈ ಹಿಂದೆಳೆದುಕೊಂಡು, ಅಲ್ಲಿಂದ ಹೋಗಲು ಬೇರೆ ದಾರಿ ಇಲ್ಲದ್ದರಿಂದ, ಮತ್ತೆ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ನಾನು ಹೆದ್ದಾರಿ ಹಿಡಿದೆ. ಅಬುಧಾಬಿ ಬರುವವರೆಗೂ ಮಾತಾಡಿದ್ದು ಅಪ್ಪ ಒಬ್ಬರೇ. ಯಾವ ತುಂಡಿಗೆ ಯಾವಾಗ ಡಾಂಬರು ಬಿತ್ತೆಂದು ಒಂದೊಂದಾಗಿ ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ.